ಲೇಪಾಕ್ಷಿ ಸೀಮೆಯಲ್ಲಿ ಜೋಡಿ ಚಾರಣ

ಚಾರಣ ಎಂದರೆ ಕುಮಾರಪರ್ವತ, ಮುಳ್ಳಯ್ಯನಗಿರಿ, ತಡಿಯಂಡಮೋಳ್ ಎಂದೇ ನಮ್ಮವರ ಲೆಕ್ಕ. ಮಂಜು, ಜಿಗಣೆ ಇಲ್ಲದಿದ್ದರೆ ಅದು ಚಾರಣವೇ ಅಲ್ಲವೇನೋ ಎಂಬಂತೆ! ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೋದರೆ ಸಿಗುವ ಬೋಳು ಗುಡ್ಡಗಳನ್ನು ಕೇಳುವವರಿಲ್ಲ. ಗಂಡ-ಹೆಂಡತಿ ಕೂಡಿಯೇ ಬೆಟ್ಟ ಹತ್ತುವ ಹವ್ಯಾಸ ಹಚ್ಚಿಕೊಳ್ಳಬೇಕೆಂದಿದ್ದರೆ ಮಾತ್ರ ಈ ಸೀಮೆಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಮಲೆನಾಡಿನ ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಸಾಮಾನ್ಯವಾಗಿ ಗಂಡ ಮುಂದೆ, ಹೆಂಡತಿ ಹಿಂದೆ. ದಿನವಿಡೀ ಬೆನ್ನು ನೋಡಿಕೊಂಡು ನಡೆದದ್ದೇ ಬಂತು. ಇಲ್ಲಿಯದು ಹಾಸುಬಂಡೆ. ಇಬ್ಬರೂ ಪಕ್ಕಪಕ್ಕದಲ್ಲೇ ಹತ್ತಬಹುದು, ಮಾತಾಡಬಹುದು, ಜಗಳವನ್ನೂ ಆಡಬಹುದು. ಜಗಳ ಬಹುತೇಕ ನಡಿಗೆಯ ವೇಗದ್ದೇ. ನಿಧಾನ ನಡೆಯುವವರಿಗೆ ದಾರಿಯ ಲಗಾಮು ಕೊಟ್ಟುಬಿಟ್ಟರೆ ಅದರಲ್ಲಿ ಅರ್ಧ ಅಲ್ಲೇ ತಣ್ಣಗಾಗುತ್ತದೆ.

ಮೊದಲು ಲೇಪಾಕ್ಷಿ. ವೀರಭದ್ರನ ಗುಡಿ ಇರುವ ಕೂರ್ಮಶೈಲ ಹೆಸರಿಗೆ ಬೆಟ್ಟ, ಹತ್ತಿದ್ದೇ ಗೊತ್ತಾಗದಷ್ಟು ತಗ್ಗು. ಅಚ್ಯುತದೇವರಾಯನ ಆಳ್ವಿಕೆಯಲ್ಲಿ (1529–1542) ಪೆನುಕೊಂಡೆಯ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ ಕಟ್ಟಿಸಿದ ಗುಡಿ ಇದು. ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಒಬ್ಬರು ಗೋಡೆಯ ಅಕ್ಷರ ಕೂಡಿಸಿ ಓದುತ್ತಿದ್ದರೆ ಇನ್ನೊಬ್ಬರು ಕತ್ತೆತ್ತಿ ಚಾವಣಿಯ ಚಿತ್ರ ನೋಡಬಹುದು. ಅಲ್ಲಿ ಶಿವ-ಪಾರ್ವತಿ ಪಗಡೆ ಆಡುತ್ತಿದ್ದಾರೆ, ಅರ್ಜುನ ತಪಸ್ಸಿಗೆ ನಿಂತಿದ್ದಾನೆ, ಶಿವ ಬೇಡನ ವೇಷದಲ್ಲಿ ಬಂದಿದ್ದಾನೆ. ಲತಾಮಂಟಪದ ಕಂಬಗಳಲ್ಲಿ ಸೀರೆಯಂಚಿಗೆ ಹೇಳಿ ಮಾಡಿಸಿದಂಥ ಬಳ್ಳಿ-ಹೂಗಳಿವೆ. ಅಲ್ಲಿ ಗಂಡನಾದವನು ಕೊಂಚ ತಾಳ್ಮೆಯಿಂದ ಕಾಯಬೇಕಾದೀತು, ರೇಷ್ಮೆ ಸೀರೆಯ ಧರ್ಮಾವರವೂ ದೂರವಿಲ್ಲ.

ನಾಟ್ಯಮಂಟಪದ ತೂಗುಕಂಬದ ಕೆಳಗೆ ಬಟ್ಟೆ ತೂರಿಸಿ, ಈ ಕಡೆ ಒಬ್ಬರು ಆ ಕಡೆ ಒಬ್ಬರು ಹಿಡಿದು ಎಳೆಯುವುದು ಬಂದವರೆಲ್ಲ ಮಾಡುವ ಕೆಲಸ. ಅಲ್ಲೇ ನೂಕುನುಗ್ಗಲು. ನನಗೆ ಅದಕ್ಕಿಂತ ಹಿಡಿಸುವುದು ಹಿಂದಿನ ಕಲ್ಯಾಣಮಂಟಪ. ಶಿವ-ಪಾರ್ವತಿಯರ ಮದುವೆಗೆ ದೇವತೆಗಳು, ಋಷಿಗಳು ಬಂದು ಕಂಬಕಂಬದಲ್ಲೂ ನಿಂತಿದ್ದಾರೆ. ಮೇಲೆ ಚಾವಣಿಯೇ ಇಲ್ಲ, ಕೆಲಸ ಅರ್ಧಕ್ಕೇ ನಿಂತಿದೆ. ಬೊಕ್ಕಸದ ಹಣ ಬಳಸಿದನೆಂಬ ಆರೋಪಕ್ಕೆ ವಿರೂಪಣ್ಣ ತನ್ನ ಕಣ್ಣುಗಳನ್ನೇ ಕಿತ್ತು ಗೋಡೆಗೆ ಎಸೆದನೆಂಬುದು ಊರವರು ಹೇಳುವ ಕಥೆ. ಕೆಂಪು ಕಲೆಯನ್ನೂ ತೋರಿಸುತ್ತಾರೆ. ಕೂಗಳತೆಯಲ್ಲಿ ಏಕಶಿಲಾ ನಂದಿ: ಉದ್ದ 27 ಅಡಿ, ಎತ್ತರ 15 ಅಡಿ. ಗುಡಿ, ನಂದಿ ಎರಡೂ 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ.

ಹೀಗೆ ಇಬ್ಬರು ಎರಡು ಕಣ್ಣಿನಿಂದ ಒಂದೇ ನಾಡನ್ನು ನೋಡುವ ತಿರುಗಾಟಕ್ಕೆ ಕನ್ನಡದಲ್ಲಿ ಮೇಲ್ಪಂಕ್ತಿ ಇದೆ. ಹೊನ್ನಾವರದ ಕೃಷ್ಣಾನಂದ ಕಾಮತರು (1934–2002) ವಿಜ್ಞಾನಿ, ಛಾಯಾಗ್ರಾಹಕ, ‘ನಾನೂ ಅಮೇರಿಕೆಗೆ ಹೋಗಿದ್ದೆ’ ಬರೆದವರು. ಅವರ ಪತ್ನಿ ಜ್ಯೋತ್ಸ್ನಾ ಕಾಮತ್ ಇತಿಹಾಸ ಬರೆದವರು, ಆಕಾಶವಾಣಿಯಲ್ಲಿ ದುಡಿದವರು. ಅವರನ್ನು ಪರ್ವತಾರೋಹಿಗಳೆಂದು ಯಾರೂ ಕರೆಯುವುದಿಲ್ಲ. ಆದರೆ ಒಬ್ಬರ ಹವ್ಯಾಸಕ್ಕೆ ಇನ್ನೊಬ್ಬರು ಬರಿಯ ಸಂಗಾತಕ್ಕೆ ಹೋಗದೆ, ತಮ್ಮದೇ ಕೆಲಸ ಇಟ್ಟುಕೊಂಡು ಹೊರಟರೆ ತಿರುಗಾಟ ಬೇಸರವಾಗದು ಎಂಬುದಕ್ಕೆ ಆ ದಂಪತಿಗಿಂತ ಬೇರೆ ಸಾಕ್ಷಿ ಬೇಡ.

ಕಾಲಿಗೆ ನಿಜವಾದ ಕೆಲಸ ಬೀಳುವುದು ಪೆನುಕೊಂಡೆಯಲ್ಲಿ. ರೈಲಿನಲ್ಲೇ ಹೋಗಬಹುದು, ಬೆಂಗಳೂರು-ಧರ್ಮಾವರ ಮಾರ್ಗದಲ್ಲಿ ಹಿಂದೂಪುರದ ಆಚೆಗಿದೆ. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ರಾಜಧಾನಿ ಹಂಪೆಯಿಂದ ಬಂದದ್ದು ಇಲ್ಲಿಗೇ. ಬುಡದಲ್ಲಿ ಗಗನಮಹಲ್, ಮೇಲೆ ಕೋಟೆಗೋಡೆ, ನರಸಿಂಹನ ಗುಡಿ, ನಡುವೆ ಸೀತಾಫಲದ ಪೊದೆಗಳು. ಬೆಳಕು ಹರಿಯುತ್ತಲೇ ಹೊರಡಿ. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಮೇಲೆ ನೆರಳು ಕಡಿಮೆ. ನೀರಿನ ಬಾಟಲಿ ಒಬ್ಬರ ಚೀಲದಲ್ಲೇ ತುಂಬಬೇಡಿ, ಇಬ್ಬರೂ ಹೊರಲಿ. ಮಳೆ ಬಿದ್ದ ದಿನ ಪಾಚಿ ಹಿಡಿದ ಬಂಡೆಯ ತಂಟೆಗೆ ಹೋಗದಿರುವುದೇ ಲೇಸು. ಕಲ್ಯಾಣದುರ್ಗದ ಕಡೆಯ ಗುಡ್ಡಗಳಲ್ಲಿ ಕರಡಿಗಳಿವೆ, ಊರೊಳಗೂ ಇಳಿದುಬರುತ್ತವೆ. ಅಲ್ಲಿ ಮುಂಜಾವು, ಮುಸ್ಸಂಜೆಗಳ ಸಾಹಸ ಬೇಡ. ಹಟ ಮಾಡುವ ಜೊತೆಗಾರರಿದ್ದರೆ ಊರವರಿಂದಲೇ ಹೇಳಿಸಿ.

ಪೆನುಕೊಂಡೆ ಒಗ್ಗಿದರೆ ಮಡಕಶಿರಾ ಕಡೆಯ ರತ್ನಗಿರಿ ಕೋಟೆ ಇದೆ. ರೊಳ್ಳ, ಅಗಳಿ, ಅಮರಾಪುರದಲ್ಲಿ ದಾರಿ ಕೇಳಲು ತೆಲುಗು ಬೇಕಿಲ್ಲ, ಕನ್ನಡ ನಡೆಯುತ್ತದೆ. ಅಲ್ಲಿಂದ ಹೇಮಾವತಿಗೆ ಹೋಗಿ: ನೊಳಂಬರ ರಾಜಧಾನಿ ಹೆಂಜೇರು ಇದೇ, ಸಿದ್ಧೇಶ್ವರನ ಗುಡಿ, ಕರಿಕಲ್ಲಿನ ನಯವಾದ ಕೆತ್ತನೆ ನೋಡಲು ಬೆಟ್ಟ ಹತ್ತಬೇಕಾಗಿಲ್ಲ. ಇಬ್ಬರಲ್ಲಿ ಮಂಡಿನೋವಿನವರು ಯಾರೋ, ಮುಂದಿನ ಸಲ ಊರು ಆರಿಸುವ ಹಕ್ಕು ಅವರಿಗೇ ಇರಲಿ.