ಒಂದೇ ಕೋವಿ, ಎರಡು ಕೆಲಸ: ಅರೆ-ಸ್ವಯಂಚಾಲಿತ ಕೋವಿಯ ಆಯ್ಕೆ

ಯಂತ್ರ, ವಾಹನ, ಜನರೇಟರ್ ಮುಂತಾದ ಸ್ವತ್ತುಗಳನ್ನು ಕೊಳ್ಳುವ ಮುನ್ನ ಕಕ್ಷಿದಾರರು ಲೆಕ್ಕಪರಿಶೋಧಕರ ಸಲಹೆ ಕೇಳುವುದು ರೂಢಿ. ಕೊಡಗಿನ ಕಾಫಿ ವ್ಯಾಪಾರಿಯೊಬ್ಬರು ಕೇಳಿದ ಪ್ರಶ್ನೆ ಮಾತ್ರ ಬೇರೆ ಬಗೆಯದು. ಅವರ ಮಗ ಎಚ್-1ಬಿ ವೀಸಾದ ಮೇಲೆ ಅಮೆರಿಕದ ಟೆಕ್ಸಾಸ್‌ನಲ್ಲಿ ಉದ್ಯೋಗಿ. ಸೆಪ್ಟೆಂಬರ್‌ನಲ್ಲಿ ಕಾಡುಪಾರಿವಾಳದ ಬೇಟೆಗೂ, ವಾರಾಂತ್ಯದಲ್ಲಿ ಹಾರುವ ಬಿಲ್ಲೆಗಳಿಗೆ ಗುರಿಯಿಡುವ ಆಟಕ್ಕೂ ಒದಗುವಂತಹ ಒಂದು ಅರೆ-ಸ್ವಯಂಚಾಲಿತ ಕೋವಿಯನ್ನು ಆತ ಕೊಳ್ಳಬಯಸಿದ್ದಾನೆ. ಎರಡು ಬೆಲೆಪಟ್ಟಿಗಳನ್ನು ನನ್ನ ಮುಂದಿಟ್ಟು, "ಇವುಗಳಲ್ಲಿ ಯಾವುದು ಲಾಭ?" ಎಂದರು. ನಾನು ಬೇಟೆಗಾರನಲ್ಲ. ಆದರೆ ಯಾವ ಯಂತ್ರವನ್ನೇ ಆಗಲಿ ಅದು ಮಾಡಬೇಕಾದ ಕೆಲಸದಿಂದ ಅಳೆಯಬೇಕೆಂಬುದು ಗೊತ್ತಿರುವುದರಿಂದ ವಿಷಯವನ್ನು ಅಭ್ಯಸಿಸಿದೆ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ ಸದಸ್ಯರು ನಮ್ಮಲ್ಲಿ ಹಲವರಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅರೆ-ಸ್ವಯಂಚಾಲಿತ ಕೋವಿಯಲ್ಲಿ ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ತೋಟಾ ಹಾರುತ್ತದೆ. ಖಾಲಿ ತೋಟಾವನ್ನು ಹೊರಗೆಸೆದು ಮುಂದಿನದನ್ನು ಒಳಗೆ ತಳ್ಳುವ ಕೆಲಸವನ್ನು ಕೋವಿಯೇ ಮಾಡಿಕೊಳ್ಳುತ್ತದೆ. ಈ ಕೆಲಸಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಸಿಡಿಮದ್ದಿನಿಂದಲೇ ಬರಬೇಕು. ಅದನ್ನು ಪಡೆಯುವ ವಿಧಾನದಲ್ಲಿಯೇ ಕೋವಿಗಳ ಜಾತಿಭೇದವಿರುವುದು.

ಮೊದಲು ಯಶಸ್ವಿಯಾದದ್ದು ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಕೋವಿ. ಅದಕ್ಕೆ 1900ರಲ್ಲಿ ಪೇಟೆಂಟ್ ದೊರೆಯಿತು. ಇದರಲ್ಲಿ ನಳಿಗೆ ಮತ್ತು ಬೋಲ್ಟ್ ಎರಡೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ವರ್ತಕರಿಗೆ ರುಚಿಸುವ ಸಂಗತಿಯೊಂದು ಇಲ್ಲಿದೆ. ಅಲ್ಲಿಯವರೆಗೆ ಬ್ರೌನಿಂಗ್ ತನ್ನ ವಿನ್ಯಾಸಗಳನ್ನು ವಿಂಚೆಸ್ಟರ್ ಕಂಪನಿಗೆ ಒಂದೇ ಗಂಟಿನ ಹಣಕ್ಕೆ ಮಾರುತ್ತಿದ್ದ. ಈ ಸಲ ಮಾರಾಟವಾಗುವ ಪ್ರತಿ ಕೋವಿಗೂ ರಾಯಧನ ಬೇಕೆಂದ. ಕಂಪನಿ ಒಪ್ಪಲಿಲ್ಲ. 1902ರ ಜನವರಿಯಲ್ಲಿ ಆತ ರೆಮಿಂಗ್ಟನ್ ಕಂಪನಿಯ ಅಧ್ಯಕ್ಷರನ್ನು ಕಾಣಲು ಹೋಗಿ ಕಾಯುತ್ತಿರುವಾಗಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ಕೊನೆಗೆ ಹಡಗು ಹತ್ತಿ ಬೆಲ್ಜಿಯಂಗೆ ಹೋಗಿ ಎಫ್.ಎನ್. ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. 'ಆಟೋ-5' ಎಂಬ ಆ ಕೋವಿ 1990ರ ದಶಕದ ಕೊನೆಯವರೆಗೂ ತಯಾರಾಯಿತು. ಇತ್ತ ವಿಂಚೆಸ್ಟರ್, ಬ್ರೌನಿಂಗನ ಪೇಟೆಂಟುಗಳನ್ನು ತಪ್ಪಿಸಿಕೊಂಡು 1911ರಲ್ಲಿ ತನ್ನದೇ ಮಾದರಿಯನ್ನು ಹೊರತಂದಿತು. ಬೋಲ್ಟಿಗೆ ಹಿಡಿಕೆ ಇಡುವಂತಿರಲಿಲ್ಲವಾಗಿ, ಬಳಸುವವರು ನಳಿಗೆಯನ್ನೇ ಹಿಡಿದು ಹಿಂದಕ್ಕೆ ತಳ್ಳಬೇಕಾಯಿತು. ತೋಟಾ ಸಿಕ್ಕಿಕೊಂಡಾಗ ಕೋವಿಯನ್ನು ನೆಲಕ್ಕೆ ಊರಿ ಹೀಗೆ ತಳ್ಳಿದವರಿಗೆ ಅಪಘಾತಗಳಾದವು. 'ವಿಧವೆಯರನ್ನು ಮಾಡುವ ಕೋವಿ' ಎಂಬ ಅಡ್ಡಹೆಸರು ಅದಕ್ಕೆ ಅಂಟಿತು. ರಾಯಧನ ಉಳಿಸಿದ ಕಂಪನಿಗೆ ಆ ಉಳಿತಾಯ ಯಾವ ಖಾತೆಯಲ್ಲಿ ಜಮೆಯಾಯಿತೋ ತಿಳಿಯದು.

ಇಂದಿನ ಮಾರುಕಟ್ಟೆಯಲ್ಲಿ ಮುಖ್ಯವಾದ ಪದ್ಧತಿಗಳು ಎರಡು. ಮೊದಲನೆಯದು ಅನಿಲ ಪದ್ಧತಿ. ನಳಿಗೆಯ ಸಣ್ಣ ರಂಧ್ರಗಳ ಮೂಲಕ ಸಿಡಿಮದ್ದಿನ ಅನಿಲದ ಒಂದಂಶ ಹೊರಬಂದು ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಬೋಲ್ಟನ್ನು ತಳ್ಳುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಇಟಲಿಯ ಬೆರೆಟಾ ಕಂಪನಿಯ ಎ400 ಸರಣಿಯೂ ಇದೇ ಪದ್ಧತಿಯದು. ಬೆರೆಟಾ ಮನೆತನದ ವ್ಯಾಪಾರಕ್ಕೆ ಹಳೆಯ ಆಧಾರ 1526ರ ಒಂದು ಪಾವತಿ ಪತ್ರ: ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ನಳಿಗೆಗಳು, ಬೆಲೆ 296 ಡ್ಯುಕಾಟ್. ಚೀಟಿಯನ್ನು ಜೋಪಾನವಾಗಿಡಿ ಎಂದು ಕಕ್ಷಿದಾರರಿಗೆ ಹೇಳುವಾಗ ನಾನು ಈ ಉದಾಹರಣೆ ಕೊಡುವುದುಂಟು.

ಎರಡನೆಯದು ಜಡತ್ವ ಪದ್ಧತಿ. ಇಟಲಿಯ ಉರ್ಬಿನೊದಲ್ಲಿ 1967ರಲ್ಲಿ ಆರಂಭವಾದ ಬೆನೆಲ್ಲಿ ಕಂಪನಿ ಇದನ್ನು ಬೆಳೆಸಿತು. ಮೋಟಾರ್‌ಸೈಕಲ್ ತಯಾರಿಕೆಯಿಂದ ಬಂದ ಮನೆತನ ಅದು. ಬಸ್ಸು ಥಟ್ಟನೆ ಮುಂದಕ್ಕೆ ಹೊರಟಾಗ ನಿಂತವರು ಹಿಂದೆ ವಾಲುವ ತತ್ತ್ವವೇ ಇಲ್ಲಿನದು. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಸರಿಯುತ್ತದೆ, ಒಳಗಿನ ಭಾರವಾದ ಬೋಲ್ಟು ಇದ್ದಲ್ಲಿಯೇ ಉಳಿಯಲು ನೋಡುತ್ತದೆ, ನಡುವಿನ ಗಡುಸಾದ ಸ್ಪ್ರಿಂಗ್ ಅಮುಕಿಕೊಳ್ಳುತ್ತದೆ. ಮರುಕ್ಷಣ ಅದು ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆಸೆಯುತ್ತದೆ.

ಈ ಭೇದದಿಂದ ಉಳಿದೆಲ್ಲ ಗುಣದೋಷಗಳು ಹುಟ್ಟುತ್ತವೆ. ಅನಿಲದ ಕೋವಿಯಲ್ಲಿ ಹಿಂದೊದೆತವು ಕೊಂಚ ಹೆಚ್ಚು ಕಾಲದ ಮೇಲೆ ಹರಡಿಕೊಳ್ಳುವುದರಿಂದ ಭುಜಕ್ಕೆ ಮೆದುವಾಗಿ ತಾಗುತ್ತದೆ. ಆದರೆ ಮಸಿ ಕಟ್ಟುತ್ತದೆ, ಪಿಸ್ಟನ್ ಮತ್ತು ರಂಧ್ರಗಳನ್ನು ಆಗಾಗ ಶುಚಿಗೊಳಿಸಬೇಕು. ಜಡತ್ವದ ಕೋವಿಯಲ್ಲಿ ಬಿಡಿಭಾಗ ಕಡಿಮೆ, ತೂಕ ಕಡಿಮೆ, ಮಸಿಯೂ ಕಡಿಮೆ. ಆದರೆ ಒದೆತ ಜೋರು. ಇನ್ನೊಂದು ಸೂಕ್ಷ್ಮವಿದೆ. ಇದು ಕೆಲಸ ಮಾಡಬೇಕಾದರೆ ಕೋವಿ ಹಿಂದಕ್ಕೆ ಸರಿಯಲೇಬೇಕು. ಹಗುರವಾದ 24 ಗ್ರಾಂ ತೋಟಾ ಹಾಕಿದಾಗ, ಅಥವಾ ಒದೆತ ತಗ್ಗಿಸಲೆಂದು ಕೋವಿಗೆ ಭಾರ ಕಟ್ಟಿದಾಗ, ಬೋಲ್ಟು ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಬಾಗಿಲಲ್ಲೇ ಸಿಕ್ಕಿಬೀಳಬಹುದು.

ಆದ್ದರಿಂದ ಕೇಳಬೇಕಾದ ಪ್ರಶ್ನೆ, ವರ್ಷದಲ್ಲಿ ಹಾರಿಸುವ ತೋಟಾಗಳಲ್ಲಿ ಹೆಚ್ಚಿನವು ಎಲ್ಲಿ ಖರ್ಚಾಗುತ್ತವೆ ಎಂಬುದು. ಕಾಡುಪಾರಿವಾಳಕ್ಕೆ ಟೆಕ್ಸಾಸ್‌ನಲ್ಲಿ ದಿನದ ಮಿತಿ 15 ಹಕ್ಕಿ. ಋತುವಿನಲ್ಲಿ ನಾಲ್ಕಾರು ದಿನ ಹೋದರೂ ತೋಟಾಗಳ ಸಂಖ್ಯೆ ಕೆಲವು ನೂರು. ಬಿಲ್ಲೆಯ ಆಟದಲ್ಲಿ ಒಂದು ಸುತ್ತಿಗೇ 25. ವಾರಕ್ಕೆ ನಾಲ್ಕು ಸುತ್ತಿನಂತೆ 50 ವಾರ ಆಡಿದರೆ 5,000. ಕೋವಿಯ ಬೆಲೆ 1,500 ಡಾಲರ್, 25 ತೋಟಾಗಳ ಪೆಟ್ಟಿಗೆಗೆ 10 ಡಾಲರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮೊದಲ ವರ್ಷದ ತೋಟಾಗಳಿಗೇ 2,000 ಡಾಲರ್! ಮೈದಾನದ ಶುಲ್ಕ ಬೇರೆ. ಎರಡು ಬೆಲೆಪಟ್ಟಿಗಳ ನಡುವಿನ ಇನ್ನೂರು ಮುನ್ನೂರು ಡಾಲರ್ ಅಂತರ ಇದರ ಮುಂದೆ ಗೌಣ. ಭುಜದ ಲೆಕ್ಕವೂ ಹೀಗೆಯೇ. 32 ಗ್ರಾಂ ತೋಟಾ ಬಳಸಿದರೆ ವರ್ಷಕ್ಕೆ 160 ಕಿಲೋ ಸೀಸವನ್ನು ಭುಜದಿಂದ ತಳ್ಳಿದಂತೆ. 28 ಗ್ರಾಂನದಾದರೆ 140 ಕಿಲೋ. ಬಿಲ್ಲೆ ಒಡೆಯಲು 28 ಗ್ರಾಂ ಧಾರಾಳವಾಗಿ ಸಾಕು; ಅಂತರರಾಷ್ಟ್ರೀಯ ಟ್ರ್ಯಾಪ್ ಸ್ಪರ್ಧೆಗಳಲ್ಲಿ 24 ಗ್ರಾಂಗಿಂತ ಹೆಚ್ಚಿಗೆ ಅನುಮತಿಯೇ ಇಲ್ಲ.

ಈ ಹುಡುಗನ ತೋಟಾಗಳಲ್ಲಿ ಹತ್ತರಲ್ಲಿ ಒಂಬತ್ತು ಮೈದಾನದಲ್ಲಿ ಖರ್ಚಾಗುವುದರಿಂದ ಅನಿಲ ಪದ್ಧತಿಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಕೆಸರು, ನೀರು, ಚಳಿಯಲ್ಲಿ ದಿನವಿಡೀ ಹೊತ್ತು ತಿರುಗುವ ಬಾತುಬೇಟೆಗಾರನಾಗಿದ್ದರೆ ಜಡತ್ವದ್ದನ್ನು ಹೇಳುತ್ತಿದ್ದೆ. 12 ಬೋರ್, ಮೂರು ಇಂಚಿನ ತೋಟಾಕೋಶ, 28 ಇಂಚಿನ ನಳಿಗೆ, ಬದಲಿಸಬಹುದಾದ ಚೋಕ್‌ಗಳು: ಎರಡು ಕೆಲಸಕ್ಕೂ ಇಷ್ಟು ಸಾಕು. ಮೂರೂವರೆ ಇಂಚಿನ ತೋಟಾಕೋಶಕ್ಕೆ ಹೆಚ್ಚಿನ ಹಣ ತೆರುವುದು ವ್ಯರ್ಥ. ಮೈಗೆ ಹೊಂದಿಕೆಯಾಗುವುದು ಮಾತ್ರ ಪದ್ಧತಿಗಿಂತಲೂ ಮುಖ್ಯ. ಕೆನ್ನೆ ಮರಕ್ಕೆ ಊರಿದಾಗ ಕಣ್ಣು ನಳಿಗೆಯ ನೇರಕ್ಕೆ ಬರಬೇಕು. ಬಾರದಿದ್ದರೆ ಮರಕ್ಕೂ ಕೋವಿಗೂ ನಡುವೆ ಇಡುವ ತೆಳು ಬಿಲ್ಲೆಗಳಿಂದ ಸರಿಪಡಿಸಿಕೊಳ್ಳಬೇಕು. ಅಂಗಡಿಯಲ್ಲಿ ಭುಜಕ್ಕಿಟ್ಟು ನೋಡದೆ ಕೊಳ್ಳಬಾರದು.

ಮೈದಾನದಲ್ಲಿ ಈ ಕೋವಿಗೆ ಕೊರತೆಗಳೂ ಉಂಟು. ಖಾಲಿ ತೋಟಾ ಬಲಪಕ್ಕದವನ ಮೇಲೆ ಹಾರುತ್ತದೆ. ಮಡಿಸಿ ತೆರೆಯುವ ಜೋಡುನಳಿಗೆಯಂತೆ ಇದು ಬರಿದಾಗಿದೆಯೆಂಬುದು ದೂರದಿಂದ ಕಾಣದು. ದೊಡ್ಡ ಸ್ಪರ್ಧಿಗಳೆಲ್ಲ ಮೇಲೊಂದು ಕೆಳಗೊಂದು ನಳಿಗೆಯ ಕೋವಿ ಹಿಡಿಯುವುದಕ್ಕೆ ಇವೂ ಕಾರಣ.

ಈಗ ಕಾನೂನು. ಕಾಲಕ್ರಮದಲ್ಲಿ ನೋಡಿದರೆ ಇದೇ ಮೊದಲು. ಎಚ್-1ಬಿ ಸೇರಿದಂತೆ ವಲಸೆಯೇತರ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಅಲ್ಲಿನ ಕೇಂದ್ರ ಕಾನೂನಿನಂತೆ ಅಪರಾಧ. ಕೆಲವು ವಿನಾಯಿತಿಗಳಿದ್ದು, ಸಾಮಾನ್ಯರಿಗೆ ಒದಗುವುದು ಅಲ್ಲಿನ ಯಾವುದಾದರೂ ರಾಜ್ಯ ನೀಡಿದ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಹಸಿರು ಕಾರ್ಡ್ ಪಡೆದವರಿಗೆ ಈ ತೊಡಕಿಲ್ಲ. ಟೆಕ್ಸಾಸ್‌ನ ಸಾಮಾನ್ಯ ವಾರ್ಷಿಕ ಬೇಟೆ ಪರವಾನಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸಲು ಮರೆತರೆ, ಮನೆಯ ಕಪಾಟಿನಲ್ಲಿ ಸುಮ್ಮನೆ ಮಲಗಿರುವ ಕೋವಿಯೇ ಸೆಪ್ಟೆಂಬರ್ 1ರ ಬೆಳಿಗ್ಗೆ ಅಪರಾಧದ ಸಾಕ್ಷ್ಯವಾಗುತ್ತದೆ. ದಂಡಕಟ್ಟಿ ಸರಿಪಡಿಸುವ ತಡವಾದ ರಿಟರ್ನಿನಂತಲ್ಲ ಇದು: 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷದ ಸೆರೆಮನೆ, ವೀಸಾಕ್ಕೂ ಕುತ್ತು. ಮಗನನ್ನು ನೋಡಲು ಪ್ರವಾಸಿ ವೀಸಾದಲ್ಲಿ ಹೋಗುವ ತಂದೆಗೂ ಇದೇ ನಿಯಮ. ಬೇಟೆ ಪರವಾನಗಿಯಿಲ್ಲದೆ ಮೈದಾನದಲ್ಲಿ ಮಗನ ಕೋವಿಯಿಂದ ಒಂದೆರಡು ಬಿಲ್ಲೆ ಹೊಡೆಯುವುದೂ ಸಲ್ಲದು. ಇನ್ನು ಕಾಡುಪಾರಿವಾಳದಂತಹ ವಲಸೆ ಹಕ್ಕಿಗಳ ಬೇಟೆಯಲ್ಲಿ ಕೋವಿಯೊಳಗೆ ಒಟ್ಟು ಮೂರು ತೋಟಾಗಳಿಗಿಂತ ಹೆಚ್ಚು ಹಿಡಿಯದಂತೆ ಖಾನೆಗೆ ಬೆಣೆ ಹಾಕಿರಬೇಕು.

ಕಕ್ಷಿದಾರರ ಮನೆಯಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತದಂದು ತಾತನ ಕಾಲದ ಜೋಡುನಳಿಗೆಗೆ ಪೂಜೆಯಾಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಅಂದರೆ 2029ರ ಅಕ್ಟೋಬರ್‌ವರೆಗೆ, ಮುಂದುವರಿಸಿದೆ. ಅದೇ ಧೈರ್ಯದಿಂದ, "ಮುಂದೆ ಮಗ ಊರಿಗೆ ಬರುವಾಗ ಕೋವಿಯನ್ನೂ ತರಲಿ" ಎಂದರು. ಅದಾಗದೆಂದೆ. ನಮ್ಮ ಆಯುಧ ನಿಯಮಗಳಲ್ಲಿ ಅರೆ-ಸ್ವಯಂಚಾಲಿತ ಕೋವಿ ಬೇರೆಯೇ ಆದ ನಿರ್ಬಂಧಿತ ವರ್ಗದಲ್ಲಿದೆ; ಜಿಲ್ಲಾಧಿಕಾರಿಗಳು ಜೋಡುನಳಿಗೆಗೆ ನೀಡುವ ಸಾಧಾರಣ ಪರವಾನಗಿಯಿಂದ ಅದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಪ್ರಯಾಣದ ಸಾಮಾನಿನೊಡನೆ ಬಂದೂಕು ತರುವುದಕ್ಕೆ ಸುಂಕದ ಕಟ್ಟೆಯಲ್ಲಿ ಕಟ್ಟುನಿಟ್ಟಿನ ತಡೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮುಂದೆ ಹವ್ಯಾಸದ ಬೇಟೆಯ ಮಾತೇ ಇಲ್ಲ. ಆದಕಾರಣ ಕೋವಿಯ ಮರುಮಾರಾಟದ ಬೆಲೆಯನ್ನು ಟೆಕ್ಸಾಸ್‌ನಲ್ಲಿಯೇ ಲೆಕ್ಕ ಹಾಕಬೇಕು. ಹೆಸರಾಂತ ತಯಾರಕರ, ಬಿಡಿಭಾಗ ಸುಲಭವಾಗಿ ಸಿಗುವ ಮಾದರಿಗೆ ಅಲ್ಲಿ ಹಳೆಯದಕ್ಕೂ ಗಿರಾಕಿಗಳಿದ್ದಾರೆ. ಹುಡುಗ ಸದ್ಯ ಬೇಟೆಗಾರರ ಶಿಕ್ಷಣ ತರಗತಿಗೆ ಹೆಸರು ಕೊಟ್ಟಿದ್ದಾನೆ. 1971ರ ಸೆಪ್ಟೆಂಬರ್ 2ರಂದು ಅಥವಾ ಆ ಬಳಿಕ ಹುಟ್ಟಿದವರಿಗೆ ಅದು ಅಲ್ಲಿ ಕಡ್ಡಾಯ. ಬೆಲೆಪಟ್ಟಿಗಳೆರಡೂ ನನ್ನ ಕಡತದಲ್ಲಿವೆ.