ದೀಪಸ್ತಂಭದೊಳಗಿನ ಹಲಗೆಗಳು

ಮೂವತ್ತು ವರ್ಷ ಪುಣೆ ಹತ್ತಿರದ ಭೋಸರಿ ಕೈಗಾರಿಕಾ ವಸಾಹತಿನಲ್ಲಿ ಫೈಬರ್‌ಗ್ಲಾಸ್ ಕೆಲಸ ಮಾಡಿದವನಿಗೆ ಕಡಲಿನ ಹತ್ತಿರ ಏನು ಕೆಲಸ? ಸಾಚಾಕ್ಕೆ, ಅಂದರೆ ಅಚ್ಚಿಗೆ, ಮೇಣ ಸವರು, ಮ್ಯಾಟ್ ಹಾಸು, ರೆಸಿನ್ ಬಳಿ, ಒಣಗಿದ ಮೇಲೆ ಬಿಡಿಸು. ನೀರಿನ ಟಾಕಿ, ಮಷಿನ್ ಕವರು, ಬಸ್ಸಿನ ಬಂಪರು. ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ಮಗಳು "ಅಪ್ಪಾ, ಸಾಂತಾ ಕ್ರೂಝ್‌ನಲ್ಲಿ ಸರ್ಫಿಂಗ್ ಮ್ಯೂಸಿಯಂ ಇದೆ, ನಡೀರಿ" ಎಂದಾಗ ಒಲ್ಲೆ ಎನ್ನಲಾರದೆ ಕಾರು ಹತ್ತಿದೆ, ಅಷ್ಟೇ.

ಹತ್ತದೆ ಇದ್ದಿದ್ದರೆ ಎಂಥ ಪೆದ್ದನಾಗುತ್ತಿದ್ದೆ!

ಕಡಲಿಗೆ ಚಾಚಿಕೊಂಡ ದಿಬ್ಬದ ತುದಿಯಲ್ಲಿ ಇಟ್ಟಿಗೆಯ ಪುಟ್ಟ ದೀಪಸ್ತಂಭ. ಎದುರಿನ ಬಂಡೆಯ ಮೇಲೆ ಕಡಲಸಿಂಹಗಳ ಬೊಗಳಾಟ. ಮ್ಯೂಸಿಯಂ ಇರುವುದು ಆ ದೀಪಸ್ತಂಭದ ಹೊಟ್ಟೆಯೊಳಗೇ, ಒಂದೇ ಒಂದು ಕೋಣೆಯಲ್ಲಿ! 1965ರಲ್ಲಿ ಈ ಊರಿನ ಕಡಲಲ್ಲಿ ಅಲೆಯಾಟಕ್ಕೆ ಇಳಿದ ಮಾರ್ಕ್ ಅಬಟ್ ಎಂಬ ಹುಡುಗ ಮುಳುಗಿ ತೀರಿಕೊಂಡ. ಅವನ ನೆನಪಿಗೆ ಹೆತ್ತವರು ಈ ದೀಪಸ್ತಂಭವನ್ನು ಕಟ್ಟಿಸಿದರು. 1986ರಲ್ಲಿ ಮ್ಯೂಸಿಯಂ ಬಂತು. ಮಗನನ್ನು ನುಂಗಿದ ನೀರಿಗೇ ದೀಪ ಹಿಡಿದವರ ಮನಸ್ಸು ಎಂಥದ್ದಿರಬೇಕು ಎಂದುಕೊಳ್ಳುತ್ತ ಒಳಗೆ ಕಾಲಿಟ್ಟೆ.

ಗೋಡೆಗೆ ಒರಗಿ ಹಲಗೆಗಳು. ಮೊದಲು ಕಂಡದ್ದು ರೆಡ್‌ವುಡ್ ಮರದ್ದು, ಬಾಗಿಲಿಗಿಂತ ಎತ್ತರ. 1936ರಲ್ಲಿ ಇಲ್ಲಿ ಸರ್ಫಿಂಗ್ ಕ್ಲಬ್ ಕಟ್ಟಿದ ಹುಡುಗರು ಹೊತ್ತದ್ದು ಇಂಥವನ್ನೇ. ಸುಮಾರು 45 ಕಿಲೋ ತೂಗುತ್ತಿದ್ದವಂತೆ. ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲ! ಅದನ್ನು ಹೆಗಲಿಗೇರಿಸಿ, ಹಲ್ಲು ಕಟಕಟ ಎನ್ನುವ ನೀರಿಗೆ ಇಳಿದು, ಅದರ ಮೇಲೆಯೇ ನಿಲ್ಲುವುದು!

ಆದರೆ ಕಥೆ ಅದಕ್ಕಿಂತಲೂ ಹಳೆಯದು. 1885ರ ಜುಲೈ. ಹವಾಯಿಯ ಮೂವರು ರಾಜಕುಮಾರರು, ಡೇವಿಡ್ ಕವಾನನಕೋವಾ, ಎಡ್ವರ್ಡ್ ಕೆಲಿಅಹೊನುಯಿ, ಜೋನಾ ಕುಹಿಯೊ, ಸ್ಯಾನ್ ಮಟಿಯೊದ ಮಿಲಿಟರಿ ಶಾಲೆಯಲ್ಲಿ ಓದುತ್ತಿದ್ದರು. ರಜೆಗೆ ಈ ಊರಿಗೆ ಬಂದವರಿಗೆ ನದಿ ಕಡಲು ಸೇರುವ ಕಡೆ ಏಳುವ ಅಲೆ ಕಣ್ಣಿಗೆ ಬಿತ್ತು. ತಮ್ಮೂರಿನ ಹಲಗೆ ಇಲ್ಲಿಲ್ಲ. ಇಲ್ಲದಿದ್ದರೇನು? ಇಲ್ಲಿಯದೇ ಮಿಲ್ಲಿನಲ್ಲಿ ರೆಡ್‌ವುಡ್ ಕೊಯ್ಸಿ, ಊರಿನ ಅಳತೆಗೆ ಮಾಡಿಸಿಕೊಂಡು ಇಳಿದೇಬಿಟ್ಟರು! ಅಮೆರಿಕದ ನೆಲದಂಚಿನಲ್ಲಿ ಅಲೆಯೇರಿದವರ ಮೊದಲ ದಾಖಲೆ ಅದೇ. ಜಾಬ್‌ವರ್ಕ್ ಎಂದರೆ ಇದೇ ಅಲ್ಲವೇ, ನಮೂನೆ ಗಿರಾಕಿಯದು, ಮಾಲು ಕಾರ್ಖಾನೆಯದು. ಆ ಹಲಗೆಗಳು ಹೊನಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಉಳಿದಿದ್ದು, 2015ರಲ್ಲಿ ಹುಟ್ಟಿದೂರಿಗೆ ಬಂದು ಹೋದವಂತೆ. ಮೂವರಲ್ಲಿ ಕಿರಿಯವ ಕುಹಿಯೊ ಮುಂದೆ ಅಮೆರಿಕದ ಸಂಸತ್ತಿಗೆ ಹವಾಯಿಯ ಪ್ರತಿನಿಧಿಯಾಗಿ ಹೋದ.

ಆಮೇಲೆ ಒಂದೊಂದು ಹಲಗೆಯೂ ನನ್ನೊಡನೆ ಮಾತಿಗೆ ನಿಂತಿತು. ಟಾಮ್ ಬ್ಲೇಕ್ ಎಂಬಾತ ಒಳಗೆ ಟೊಳ್ಳು ಬಿಟ್ಟು ತೂಕ ಇಳಿಸಿದ. 1935ರಲ್ಲಿ ಹಳೆಯ ದೋಣಿಯೊಂದರ ತಳಪಟ್ಟಿ ಕಿತ್ತು ಹಲಗೆಯ ಬಾಲಕ್ಕೆ ಜಡಿದ. ಅಲ್ಲಿಯವರೆಗೆ ಹಲಗೆಗೆ ಈಜುರೆಕ್ಕೆಯೇ ಇರಲಿಲ್ಲ! ಗುಜರಿ ಅಂಗಡಿಯಲ್ಲಿ ಬಿಡಿಭಾಗ ಹುಡುಕುವ ನಮ್ಮ ಫಿಟ್ಟರುಗಳು ಅವನನ್ನು ಕೂಡಲೇ ಗೆಳೆಯ ಎನ್ನುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಹಗುರ ಬಾಲ್ಸಾ ಮರ, ಅದರ ಮೇಲೆ... ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದೆ. ರೆಸಿನ್‌ನಡಿ ಬಟ್ಟೆಯ ನೇಯ್ಗೆಯ ಎಳೆ. ಗ್ಲಾಸ್ ಕ್ಲಾತ್! ಜೀವಮಾನವೆಲ್ಲ ನನ್ನ ಅಂಗೈಯನ್ನು ತುರಿಸಿದ ಅದೇ ಗ್ಲಾಸ್!

1950ರ ದಶಕದ ಕೊನೆಗೆ ಮರದ ಜಾಗಕ್ಕೆ ಫೋಮ್ ಬಂತು. ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಮಾಡಿದ ಕೆಲಸ. ಅಮೆರಿಕದಲ್ಲಿ ಹಲಗೆ ಮಾಡುವವರಲ್ಲಿ ಬಹುಪಾಲು ಮಂದಿ ಕ್ಲಾರ್ಕ್‌ನ ಫೋಮನ್ನೇ ನೆಚ್ಚಿದ್ದರು. 2005ರ ಡಿಸೆಂಬರ್ 5ರಂದು ಆತ ದಿಢೀರನೆ ಕಾರ್ಖಾನೆಯ ಬಾಗಿಲು ಹಾಕಿದ. ಸಾಚಾಗಳನ್ನೂ ಒಡೆಸಿ ಹಾಕಿದನಂತೆ. ಮಗಳು ಫೋನಿನಲ್ಲಿ ಇದನ್ನು ಓದಿ ಹೇಳಿದಾಗ ನನಗೆ ಹೊಟ್ಟೆಯೊಳಗೆ ಕಿವುಚಿದಂತಾಯಿತು. ಯಂತ್ರ ಮಾರಬಹುದು, ಶೆಡ್ ಮಾರಬಹುದು. ಸಾಚಾ ಒಡೆಯಲು ಕೈ ಹೇಗೆ ಬರುತ್ತದೆ?

ಶಾರ್ಕ್ ಕಚ್ಚಿದ ಹಲಗೆಯ ಮುಂದೆ ಮಕ್ಕಳ ಗುಂಪು. ಆದರೆ ಅಪಾಯ ಶಾರ್ಕಿನಿಂದಷ್ಟೇ ಅಲ್ಲ. ಚಳಿ ತಡೆಯುವ ರಬ್ಬರ್ ಸೂಟನ್ನು ಇಲ್ಲಿಂದ ಊರೂರಿಗೆ ಹಬ್ಬಿಸಿದ ಜ್ಯಾಕ್ ಓನೀಲ್‌ನ ಒಂದು ಕಣ್ಣು ಹೋದದ್ದು ಹಲಗೆಯನ್ನು ಕಾಲಿಗೆ ಕಟ್ಟುವ ಹಗ್ಗದ ದೆಸೆಯಿಂದ. ಆ ಹಗ್ಗವನ್ನು ರೂಪಿಸಿದವನು ಅವನ ಮಗನೇ!

"ಇದೆಲ್ಲ ನಮ್ಮಲ್ಲೂ ಇದೆ ಅಪ್ಪಾ, ಮುಲ್ಕಿಯಲ್ಲಿ" ಎಂದಳು ಮಗಳು. ಮುಲ್ಕಿ! ಬಪ್ಪನಾಡು ದೇವಸ್ಥಾನದ ಡೋಲು ನೋಡಲೆಂದು ನಾನೊಮ್ಮೆ ಇಳಿದ ಊರು. ಅಲ್ಲಿ ಜ್ಯಾಕ್ ಹೆಬ್ನರ್ ಎಂಬ ಅಮೆರಿಕದ ಸ್ವಾಮಿ ಶಾಂಭವಿ ನದಿಯ ದಡದ ಆಶ್ರಮದಲ್ಲಿ 2004ರಲ್ಲಿ ಸರ್ಫ್ ಕ್ಲಬ್ ತೆರೆದರು, ಕರಾವಳಿಯ ಹುಡುಗ ಹುಡುಗಿಯರು ಅಲೆಯೇರಲು ಕಲಿತರು. ನಾನೋ, ಅದೊಂದೂ ತಿಳಿಯದೆ, ದೇವರಿಗೆ ಕೈಮುಗಿದು, ಕಾಣಿಕೆ ಹಾಕಿ, ಬಸ್ಸು ಹತ್ತಿ ಬಂದಿದ್ದೆ.

ಹೊರಗೆ ಬಂದರೆ ಹುಡುಗನೊಬ್ಬ ಹಲಗೆ ಬಗಲಲ್ಲಿಟ್ಟು ಅಲೆ ಎಣಿಸುತ್ತ ನಿಂತಿದ್ದ. ಹಲಗೆಯ ಮಗ್ಗುಲಲ್ಲಿ ಅಂಗೈಯಗಲದ ತೇಪೆ. ಸನ್ನೆ ಮಾಡಿ ಕೇಳಿದೆ, ಮುಟ್ಟಲು ಕೊಟ್ಟ. ಅಂಚು ತರಿತರಿಯಾಗಿತ್ತು, ರೆಸಿನ್ ಹಳದಿಗೆ ತಿರುಗಿತ್ತು.

"ಹಾರ್ಡನರ್ ಜಾಸ್ತಿಯಾಗಿದೆ ಅಂತ ಹೇಳು ಅವನಿಗೆ" ಎಂದೆ ಮಗಳಿಗೆ. "ಅಂಚಿಗೆ ಇನ್ನೊಂದು ಕೈ ಪಾಲಿಶ್ ಪೇಪರ್ ಹೊಡಿ ಅಂತಲೂ."