ಬೆಂಕಿಯಿಂದ ತಂಪು

ಬೆಂಕಿ ಹೊತ್ತಿಸಿ ಮಂಜುಗಡ್ಡೆಯನ್ನು ಪಡೆಯಬಹುದೆಂದರೆ ಯಾರಿಗಾದರೂ ವಿಚಿತ್ರವೆನಿಸೀತು. ಆದರೆ ಪ್ರವಾಸಿಗರು ಜೊತೆಯಲ್ಲಿ ಕೊಂಡೊಯ್ಯುವ ಗ್ಯಾಸ್ ರೆಫ್ರಿಜರೇಟರಿನಲ್ಲಿ ನಡೆಯುವುದು ಇದೇ.

ಒಂದು ಬೇಸಗೆಯಲ್ಲಿ ಬೆಂಗಳೂರಿನ ಕಲ್ಯಾಣನಗರದಲ್ಲಿರುವ ನಮ್ಮ ಮಿತ್ರರೊಬ್ಬರು ವೃದ್ಧ ತಾಯಿಯೊಡನೆ ಮುಳ್ಳಯ್ಯನಗಿರಿಯ ಕಡೆಗೆ ಹೊರಟಿದ್ದರು. ಆಕೆಗೆ ನಿತ್ಯವೂ ಇನ್ಸುಲಿನ್ ಬೇಕು. ಇನ್ನೂ ತೆರೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಮಾನದಲ್ಲಿಡಬೇಕು. ಬಿಸಿಯಾದರೆ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಮಿತ್ರರು ಹಿಂದಿನ ಸಂಜೆಯೇ ಪೆಟ್ಟಿಗೆಯನ್ನು ಅಂಗಳದಲ್ಲಿಟ್ಟು ಉರಿ ಹೊತ್ತಿಸಿದ್ದರು. ಬೆಳಗ್ಗೆ ಉರಿಯೇನೋ ನೀಲಿಯಾಗಿ ಉರಿಯುತ್ತಲೇ ಇತ್ತು; ಒಳಗೆ ಮಾತ್ರ ತಂಪಿರಲಿಲ್ಲ. ಪುಣ್ಯಕ್ಕೆ ಮದ್ದನ್ನು ಇನ್ನೂ ಅದರೊಳಗೆ ಇಟ್ಟಿರಲಿಲ್ಲ. ಅವರು ನಮ್ಮನ್ನು ಕರೆಸಿದರು.

ದೋಷವನ್ನು ಹುಡುಕುವ ಮುನ್ನ ಯಂತ್ರದ ಮರ್ಮವನ್ನು ಅರಿಯಬೇಕು. ಮಣ್ಣಿನ ಹೂಜಿಯ ನೀರು ತಂಪಾಗುವುದೇಕೆ? ಹೊರಮೈಗೆ ಒಸರಿದ ನೀರು ಆವಿಯಾಗುವಾಗ ಹೂಜಿಯಿಂದಲೇ ಶಾಖವನ್ನು ಹೀರಿಕೊಳ್ಳುತ್ತದೆ. ಇಲ್ಲಿಯೂ ಅಷ್ಟೇ. ನೀರಿನ ಬದಲಿಗೆ ಅಮೋನಿಯಾ, ಸುತ್ತಲ ಒಣಗಾಳಿಯ ಬದಲಿಗೆ ಜಲಜನಕ. ಉರಿಯ ಶಾಖದಿಂದ ಅಮೋನಿಯಾ ತಾನು ಕರಗಿದ್ದ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ. ಹಿಂಬದಿಯ ಕೊಳವೆಗಳಲ್ಲಿ ಶಾಖವನ್ನು ಗಾಳಿಗೆ ಕೊಟ್ಟು ದ್ರವವಾಗುತ್ತದೆ. ಆ ದ್ರವವು ಜಲಜನಕ ತುಂಬಿದ ಕೊಳವೆಗೆ ಇಳಿದಾಗ ಅಲ್ಲಿ ಅಮೋನಿಯಾದ ಪಾಲಿನ ಒತ್ತಡ ಕಡಿಮೆಯಿರುವುದರಿಂದ ಬೇಗನೆ ಆವಿಯಾಗಿ ಪೆಟ್ಟಿಗೆಯೊಳಗಿನ ಶಾಖವನ್ನು ಸೆಳೆಯುತ್ತದೆ. ಬಳಿಕ ನೀರು ಅದನ್ನು ಮತ್ತೆ ಹೀರಿಕೊಂಡು ಉರಿಯ ಬಳಿಗೆ ಹಿಂದಿರುಗುತ್ತದೆ. ಈ ಏರ್ಪಾಡನ್ನು 1922ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಕಂಡುಹಿಡಿದವರು ಫಾನ್ ಪ್ಲಾಟೆನ್ ಮತ್ತು ಮುಂಟೆರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು.

ಇಡೀ ಯಂತ್ರದಲ್ಲಿ ಚಲಿಸುವ ಭಾಗ ಒಂದೂ ಇಲ್ಲವೆಂಬುದನ್ನು ಗಮನಿಸಿರಿ. ಆವಿಯ ಗುಳ್ಳೆಗಳು ದ್ರವವನ್ನು ಮೇಲಕ್ಕೆ ನೂಕುತ್ತವೆ. ಕೆಳಗಿಳಿಸುವುದು ಭೂಮಿಯ ಆಕರ್ಷಣೆ. ಪಂಪಿನ ಕೆಲಸವನ್ನು ಇವೆರಡೇ ಮಾಡುತ್ತವೆ. ಆದುದರಿಂದ ಪೆಟ್ಟಿಗೆ ಓರೆಯಾದರೆ ದ್ರವವು ಕೊಳವೆಯ ತಿರುವುಗಳಲ್ಲಿ ನಿಂತುಬಿಡುತ್ತದೆ. ಪರಿಚಲನೆ ಅಲ್ಲಿಗೆ ಮುಗಿಯಿತು. ಹಾಗೆಯೇ ಬಹುಕಾಲ ಉರಿಸಿದರೆ ದ್ರವ ಹಿಂದಿರುಗದೆ ಕುದಿಪಾತ್ರೆ ಮಿತಿಮೀರಿ ಕಾಯುತ್ತದೆ. ಕೊಳವೆಗೆ ತುಕ್ಕು ಹಿಡಿಯದಂತೆ ಬೆರೆಸಿರುವ ಸೋಡಿಯಂ ಕ್ರೋಮೇಟ್ ಹರಳಾಗಿ ದಾರಿಯನ್ನು ಮುಚ್ಚಬಹುದು. ಆ ಹಾನಿಗೆ ಪರಿಹಾರವಿಲ್ಲ.

ಮಿತ್ರರ ಅಂಗಳದಲ್ಲಿ ಆಗಿದ್ದುದು ಇದೇ. ಮಳೆಯ ನೀರು ಹರಿದುಹೋಗಲೆಂದು ಅಂಗಳವನ್ನು ಇಳಿಜಾರಾಗಿ ಕಟ್ಟಿದ್ದರು. ಕಣ್ಣಿಗೆ ಕಾಣದ ಆ ಓರೆಯನ್ನು ತಟ್ಟೆಯಲ್ಲಿಟ್ಟ ನೀರು ತೋರಿಸಿಕೊಟ್ಟಿತು. ಉರಿಯನ್ನಾರಿಸಿ, ಕೆಲವು ಗಂಟೆ ಆರಲು ಬಿಟ್ಟು, ಸಮತಲದಲ್ಲಿಟ್ಟು ಮತ್ತೆ ಹೊತ್ತಿಸಿದೆವು. ಸಂಜೆಯ ವೇಳೆಗೆ ಒಳಗಿನ ಥರ್ಮಾಮೀಟರು 6 ಡಿಗ್ರಿಗೆ ಇಳಿದಿತ್ತು. ಪ್ರಯಾಣ ಒಂದು ದಿನ ತಡವಾಯಿತು, ಅಷ್ಟೆ.

ಮಟ್ಟ ಸರಿಯಿದ್ದೂ ತಂಪಾಗದಿದ್ದರೆ ಉರಿಯನ್ನು ನೋಡಬೇಕು. ಉರಿ ನೀಲಿಯಾಗಿರಬೇಕು. ಹಳದಿಯಾದರೆ ಗಾಳಿ ಸಾಲದೆ ಮಸಿ ಕಟ್ಟುತ್ತಿದೆಯೆಂದು ಅರ್ಥ. ಹೊಗೆಗೊಳವೆಯನ್ನು ಕುಂಚದಿಂದ ಶುಚಿಮಾಡಬೇಕು. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಲತೀರದ ಒತ್ತಡಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ. 1,900 ಮೀಟರು ಮೀರಿದ ಮುಳ್ಳಯ್ಯನಗಿರಿಯಲ್ಲಿ ಐದರಲ್ಲೊಂದು ಪಾಲು ಕಡಿಮೆ. ಎತ್ತರಕ್ಕೆ ಹೋದಂತೆ ಉರಿಯ ಮೇಲೆ ಹೆಚ್ಚು ಗಮನವಿರಲಿ. ಉರಿ ತೀರ ಸಣ್ಣದಾಗಿದ್ದರೆ ಅನಿಲದ ರಂಧ್ರದಲ್ಲಿ ಕಸ ಸೇರಿರಬಹುದು. ಅದನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ನೆನೆಸಿ ಒಣಗಿಸಬೇಕೇ ಹೊರತು ಸೂಜಿಯಿಂದ ಚುಚ್ಚಬಾರದು. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಕೆಡುತ್ತದೆ. ಗುಂಡಿಯಿಂದ ಕೈ ತೆಗೆದೊಡನೆ ಉರಿ ನಂದುವುದಾದರೆ ಥರ್ಮೋಕಪಲ್ಲನ್ನು ಪರೀಕ್ಷಿಸಿರಿ. ಎರಡು ಲೋಹಗಳ ಸಂಧಿ ಕಾದಾಗ ಹುಟ್ಟುವ ಅಲ್ಪ ವಿದ್ಯುತ್ತೇ ಅನಿಲದ ಕವಾಟವನ್ನು ತೆರೆದು ಹಿಡಿದಿರುತ್ತದೆ. ಅದರ ತುದಿ ಉರಿಯೊಳಗೇ ಇರಬೇಕು. ಅನಿಲ ಸೋರುತ್ತಿದೆಯೇ ಎಂದು ನೋಡಲು ಸಾಬೂನಿನ ನೊರೆಯೇ ಸಾಕು. ಕಡ್ಡಿ ಗೀರಿ ನೋಡಬಾರದು.

ಮುಚ್ಚಿದ ಕೊಳವೆಗಳನ್ನು ಮಾತ್ರ ಯಾರೂ ಬಿಚ್ಚಕೂಡದು. ಒಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಮೋನಿಯಾದ ಘಾಟು ಬಂದರೆ ಅಥವಾ ಹಿಂಬದಿಯಲ್ಲಿ ಹಳದಿ ಪುಡಿ ಕಂಡರೆ ಆ ಯಂತ್ರದ ಆಯುಷ್ಯ ತೀರಿತೆಂದು ತಿಳಿದು ಉರಿಯನ್ನಾರಿಸಿ ದೂರ ಸರಿಯಬೇಕು. ಮುಚ್ಚಿದ ಕೋಣೆಯಲ್ಲಾಗಲಿ, ಡೇರೆಯಲ್ಲಾಗಲಿ, ಓಡುವ ಕಾರಿನಲ್ಲಾಗಲಿ ಇದನ್ನು ಉರಿಸಬಾರದು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಗಾಳಿ ಸಾಲದ ಉರಿಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ರಯಾಣದ ಹೊತ್ತಿನಲ್ಲಿ ಉರಿಯನ್ನು ಆರಿಸಿಯೇ ಇರಬೇಕು. ಮೊದಲೇ ತಂಪಾದ ಪೆಟ್ಟಿಗೆಯ ಬಾಗಿಲನ್ನು ತೆರೆಯದಿದ್ದರೆ ತಂಪು ಕೆಲವು ಗಂಟೆ ಉಳಿಯುತ್ತದೆ.

ಮೊದಲು ಮಟ್ಟ, ಅನಂತರ ಉರಿ, ಕೊನೆಗೆ ಕೊಳವೆ: ಈ ಕ್ರಮವನ್ನು ನೆನಪಿಟ್ಟರೆ ಬಹುಪಾಲು ತೊಂದರೆಗಳು ಒಂದು ತಟ್ಟೆ ನೀರು ಮತ್ತು ಒಂದು ಕುಂಚದಿಂದಲೇ ನೀಗುತ್ತವೆ. ಆದರೆ ಪೆಟ್ಟಿಗೆಯಲ್ಲಿ ಮದ್ದಿರುವಾಗ ಅಂದಾಜು ಸಲ್ಲದು. ಒಳಗೊಂದು ಥರ್ಮಾಮೀಟರು ಇರಲೇಬೇಕು.